ಮುಖಶೂಲೆಗೆ ಶಸ್ತ್ರಚಿಕಿತ್ಸೆ: ಆಯ್ಕೆ ಯಾರದು?

ಹಲ್ಲು ಕೀಳಿಸಿದ ಮೇಲೂ ಹಲ್ಲುನೋವು ನಿಲ್ಲದಿದ್ದರೆ ಆ ನೋವು ಹಲ್ಲಿನದಲ್ಲವೆಂದು ತಿಳಿಯಲು ವೈದ್ಯಶಾಸ್ತ್ರದ ಪಾಂಡಿತ್ಯವೇನೂ ಬೇಕಾಗಿಲ್ಲ. ಆದರೂ ಒಂದು ಹಲ್ಲು ಹೋದ ಮೇಲೆ ಎರಡನೆಯದನ್ನು, ಎರಡನೆಯದು ಹೋದ ಮೇಲೆ ಮೂರನೆಯದನ್ನು ಕೀಳಿಸಿಕೊಂಡು, ಕೊನೆಗೆ ಅರ್ಧ ಬೊಚ್ಚಾದ ಬಾಯಿಯೊಡನೆ ಅದೇ ನೋವನ್ನು ಹೊತ್ತು ನರರೋಗತಜ್ಞರ ಬಾಗಿಲಿಗೆ ಬರುವವರು ಇಂದಿಗೂ ಇದ್ದಾರೆ.

ಇಂತಹವರಲ್ಲಿ ಒಬ್ಬರು ಡೊಂಬಿವಲಿಯಲ್ಲಿ ನೆಲೆಸಿರುವ, ಕುಂದಾಪುರದ ಕಡೆಯ, ಐವತ್ತೆಂಟು ವರ್ಷದ ಗೃಹಿಣಿ. ಮದುವೆಯಾಗಿ ಮುಂಬಯಿಗೆ ಬಂದು ಮೂರು ದಶಕಗಳು ಮೀರಿದ್ದರೂ ಅವರ ಹಿಂದಿ ತರಕಾರಿ ಮಾರುಕಟ್ಟೆಗೂ, ಮರಾಠಿ ನೆರೆಮನೆಯ ಹೊಸಿಲಿಗೂ ಸಾಕಾಗುವಷ್ಟೇ. ಬಲಗೆನ್ನೆಯಲ್ಲಿ ನೋವು ಕಾಣಿಸಿಕೊಂಡಾಗ ದಂತವೈದ್ಯರ ಮುಂದೆ ಅವರು ಹೇಳಲು ಶಕ್ತರಾದುದು 'ದಾಂತ್ ಮೇ ದರ್ದ್' ಎಂಬ ಮೂರೇ ಪದಗಳನ್ನು. ವೈದ್ಯರು ಆ ಮೂರು ಪದಗಳಿಗೆ ತಕ್ಕ ಚಿಕಿತ್ಸೆಯನ್ನೇ ಮಾಡಿದರು, ಅವರನ್ನು ದೂಷಿಸುವಂತಿಲ್ಲ. ಎರಡು ವರ್ಷಗಳಲ್ಲಿ ಮೂರು ದವಡೆಹಲ್ಲುಗಳು ಹೋದವು, ನೋವು ಹೋಗಲಿಲ್ಲ. ಆಕೆ ಬಲಭಾಗದಲ್ಲಿ ಅಗಿಯುವುದನ್ನು ಬಿಟ್ಟರು, ಗಂಜಿಗೆ ಇಳಿದರು, ಸಂಘದ ಭಜನೆಗೆ ಬರುವುದನ್ನು ನಿಲ್ಲಿಸಿದರು, ಫ್ಯಾನಿನ ಗಾಳಿಗೆ ಸೆರಗನ್ನು ಮರೆಮಾಡಿ ಕುಳಿತರು. ಕಡೆಗೆ ಮೂಗುಬೊಟ್ಟನ್ನೂ ತೆಗೆದಿಟ್ಟರು. ಮುತ್ತೈದೆಯೊಬ್ಬಳು ಮೂಗನ್ನು ಬರಿದು ಮಾಡಿಕೊಂಡುದಕ್ಕೆ ಊರಿನಿಂದ ಬಂದ ನೆಂಟರು ಏನೇನೆಂದರೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ.

ರಜೆಗೆಂದು ಬಂದಿದ್ದ ತಮ್ಮನ ಮಗಳು, ನರ್ಸಿಂಗ್ ಓದುತ್ತಿದ್ದವಳು, "ಅತ್ತೆ, ನೋವು ಯಾವಾಗ ಬರುತ್ತದೆ, ಹೇಗೆ ಬರುತ್ತದೆ?" ಎಂದು ಮೊದಲ ಬಾರಿಗೆ ಕನ್ನಡದಲ್ಲಿ ಕೇಳಿದಳು. ಉತ್ತರ ಊರಿನ ಮಾತಿನಲ್ಲಿಯೇ ಬಂದಿತು: "ಮೂಗ್‌ಬೊಟ್ಟಿಗೆ ಕೈ ತಾಗಿರೆ ಸಾಕ್, ಕರೆಂಟ್ ಹೊಡ್ದಂಗ್ ಆತ್ತ್. ಒಂದ್ ಗಳ್ಗಿ. ಮತ್ತೆಂತ ಇಲ್ಲ." ರೋಗನಿದಾನದ ಮುಕ್ಕಾಲು ಪಾಲು ಈ ಮಾತುಗಳಲ್ಲಿಯೇ ಅಡಗಿತ್ತು.

ಈ ವ್ಯಾಧಿಯನ್ನು ವೈದ್ಯರು ಟ್ರೈಜೆಮಿನಲ್ ನ್ಯೂರಾಲ್ಜಿಯ ಎನ್ನುತ್ತಾರೆ. ಕನ್ನಡದಲ್ಲಿ ಮುಖಶೂಲೆ ಎನ್ನಲು ಅಡ್ಡಿಯಿಲ್ಲ. ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಐದನೆಯದು ಮುಖದ ಸ್ಪರ್ಶಜ್ಞಾನವನ್ನು ಹೊತ್ತು ತರುವ ನರ. ಅದಕ್ಕೆ ಮೂರು ಕವಲುಗಳು: ಒಂದು ಹಣೆ ಮತ್ತು ಕಣ್ಣಿಗೆ, ಇನ್ನೊಂದು ಕೆನ್ನೆ, ಮೂಗಿನ ಪಕ್ಕ ಹಾಗೂ ಮೇಲ್ದವಡೆಗೆ, ಮೂರನೆಯದು ಕೆಳದವಡೆಗೆ. ನೋವು ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ, ಕೆಳಗಿನ ಎರಡು ಕವಲುಗಳಲ್ಲಿ ಹೆಚ್ಚು. ಮುಖ ತೊಳೆದರೆ, ಹಲ್ಲುಜ್ಜಿದರೆ, ಕ್ಷೌರದ ಬ್ಲೇಡು ತಾಗಿದರೆ, ಮಾತಾಡಲು ಬಾಯಿ ತೆರೆದರೆ, ತಂಗಾಳಿ ಸೋಕಿದರೆ ಮಿಂಚಿನಂತೆ ಹೊಡೆಯುತ್ತದೆ; ಕ್ಷಣಾರ್ಧದಿಂದ ಎರಡು ನಿಮಿಷಗಳವರೆಗೆ ಇದ್ದು ಹಾಗೆಯೇ ಮಾಯವಾಗುತ್ತದೆ. ಐವತ್ತು ದಾಟಿದವರಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ, ಹೆಚ್ಚಾಗಿ ಕಾಣುತ್ತದೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಬರುವ 'ಅನಂತವಾತ' ಎಂಬ ಶಿರೋರೋಗವನ್ನು ಇದಕ್ಕೆ ಹೋಲಿಸುವ ವೈದ್ಯರುಂಟು.

ಈ ನೋವನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಎಕ್ಸ್‌ರೇ ಆಗಲಿ ಇಲ್ಲ. ಎಂ.ಆರ್.ಐ. ಚಿತ್ರ ಅವಶ್ಯವೇ ಸರಿ. ಗಡ್ಡೆಯೊಂದು ನರವನ್ನು ಒತ್ತುತ್ತಿಲ್ಲವೆಂದೂ, ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರವ್ಯಾಧಿ ಇಲ್ಲವೆಂದೂ ಖಚಿತಪಡಿಸಿಕೊಳ್ಳಬೇಕಲ್ಲವೆ? ಆದರೆ ನೋವು ಮುಖಶೂಲೆಯದೇ ಎಂದು ನಿರ್ಧರಿಸುವುದು ರೋಗಿಯ ಬಾಯಿಮಾತಿನಿಂದ. 1677ರಲ್ಲಿ ಪ್ಯಾರಿಸ್ ನಗರದಲ್ಲಿ ಇಂಗ್ಲೆಂಡಿನ ರಾಯಭಾರಿಯ ಪತ್ನಿ, ನಾರ್ತಂಬರ್ಲೆಂಡಿನ ಕೌಂಟೆಸ್, ಇದೇ ನೋವಿನಿಂದ ನರಳುತ್ತಿದ್ದಳು. ಆಕೆಯೂ ಹಲ್ಲು ಕೀಳಿಸಿಕೊಂಡಿದ್ದಳು! ಅವಳನ್ನು ನೋಡಲು ಕರೆಸಿದ ವೈದ್ಯ, ಮುಂದೆ ತತ್ತ್ವಜ್ಞಾನಿಯೆಂದು ಜಗತ್ಪ್ರಸಿದ್ಧನಾದ ಜಾನ್ ಲಾಕ್. ಮುಖದ ಅರ್ಧಭಾಗಕ್ಕೆ ಬೆಂಕಿ ಚಿಮ್ಮಿದಂತಾಗುವುದೆಂಬ ಆಕೆಯ ವರ್ಣನೆಯನ್ನು ಅವಳ ಮಾತುಗಳಲ್ಲಿಯೇ ಅವನು ತನ್ನ ಪತ್ರದಲ್ಲಿ ದಾಖಲಿಸಿದ್ದಾನೆ. ಫ್ರೆಂಚ್ ಶಸ್ತ್ರವೈದ್ಯ ನಿಕೊಲಾ ಆಂದ್ರೆ ಈ ಕಾಯಿಲೆಗೆ ಹೆಸರಿಟ್ಟುದು 1756ರಲ್ಲಿ, ಲಂಡನ್ನಿನ ಜಾನ್ ಫೊದರ್ಗಿಲ್ ವಿವರವಾಗಿ ವರ್ಣಿಸಿದುದು 1773ರಲ್ಲಿ. ಅವರಿಗಿಂತ ಎಷ್ಟೋ ಮೊದಲೇ ಒಬ್ಬ ರೋಗಿಯ ಮಾತನ್ನು ಒಬ್ಬ ವೈದ್ಯ ತಾಳ್ಮೆಯಿಂದ ಕೇಳಿದ್ದ.

ಚಿಕಿತ್ಸೆಯ ಮೊದಲ ಮೆಟ್ಟಿಲು ಕಾರ್ಬಮಝೆಪೀನ್ ಎಂಬ ಮಾತ್ರೆ. ಅಪಸ್ಮಾರಕ್ಕೂ ಕೊಡುವ ಈ ಔಷಧ ಮುಖಶೂಲೆಯನ್ನು ತಡೆಯುವುದೆಂದು 1962ರಲ್ಲಿ ಸ್ವೀಡನ್ನಿನ ಬ್ಲೋಮ್ ಎಂಬ ವೈದ್ಯರು ವರದಿ ಮಾಡಿದರು. ಸಾಮಾನ್ಯ ನೋವಿನ ಮಾತ್ರೆಗಳು ಏನೂ ಮಾಡಲಾರದಲ್ಲಿ ಇದು ಆರಂಭದಲ್ಲಿ ಬಹುಮಂದಿಗೆ ಪವಾಡದಂತೆ ಕೆಲಸ ಮಾಡುತ್ತದೆ. ಅಲ್ಪ ಪ್ರಮಾಣದಲ್ಲಿಯೇ ವರ್ಷಗಟ್ಟಲೆ ಸುಖವಾಗಿರುವವರೂ ಇದ್ದಾರೆ. ಅವರಿಗೆ ಶಸ್ತ್ರಚಿಕಿತ್ಸೆಯ ಮಾತೇ ಬೇಡ. ಉಳಿದವರ ಪಾಡು ಬೇರೆ. ದಿನಕ್ಕೆ 200 ಮಿಲಿಗ್ರಾಂನಿಂದ ತೊಡಗಿದ ಪ್ರಮಾಣ ಕ್ರಮೇಣ 1,000ವನ್ನು ಮುಟ್ಟುತ್ತದೆ, ದಾಟುತ್ತದೆ. ತೂಕಡಿಕೆ, ತಲೆಸುತ್ತು, ನಡೆಯುವಾಗ ಓಲಾಟ, ಮರೆವು, ರಕ್ತದಲ್ಲಿ ಸೋಡಿಯಂ ಇಳಿತ ಇವೆಲ್ಲ ಜೊತೆಗೂಡುತ್ತವೆ. ಕೆಲವರಿಗೆ ಚರ್ಮವೇ ಸುಲಿಯುವಂತಹ ಭೀಕರ ಅಲರ್ಜಿ ಉಂಟಾಗುವುದುಂಟು. ಏಷ್ಯಾಮೂಲದವರಿಗೆ ಈ ಔಷಧ ತೊಡಗುವ ಮೊದಲು ಒಂದು ವಂಶವಾಹಿ ಪರೀಕ್ಷೆ ಮಾಡಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಎಚ್ಚರಿಸಿದೆ. ಎದ್ದು ಅಡಿಗೆಮನೆಗೆ ಹೋಗಲು ಗೋಡೆ ಹಿಡಿಯಬೇಕಾದ ಸ್ಥಿತಿಯನ್ನು 'ನೋವು ಹತೋಟಿಯಲ್ಲಿದೆ' ಎಂದು ಕರೆಯುವುದು ಸರಿಯೆ?

ಶಸ್ತ್ರಚಿಕಿತ್ಸೆಯೆಂದರೆ ಎಲ್ಲ ದಾರಿಗಳೂ ಮುಚ್ಚಿದ ಮೇಲೆ ಮಾಡುವ ಕೊನೆಯ ಸಾಹಸವೆಂಬ ಭಾವನೆ ನಮ್ಮ ಕುಟುಂಬಗಳಲ್ಲಿ ಬೇರೂರಿಬಿಟ್ಟಿದೆ. ಹತ್ತು ವರ್ಷ ಮಾತ್ರೆ ನುಂಗಿ, ಎಪ್ಪತ್ತು ದಾಟಿ, ರಕ್ತದೊತ್ತಡವೂ ಸಕ್ಕರೆಯೂ ಸೇರಿಕೊಂಡ ಮೇಲೆ 'ಇನ್ನು ಬೇರೆ ಗತಿಯಿಲ್ಲ' ಎಂದು ಶಸ್ತ್ರವೈದ್ಯರ ಬಳಿಗೆ ಹೋಗುತ್ತಾರೆ. ಹೆಚ್ಚು ಫಲ ಕೊಡುವ ಶಸ್ತ್ರಕ್ರಿಯೆಯನ್ನು ತಾಳಿಕೊಳ್ಳುವ ಶಕ್ತಿ ದೇಹಕ್ಕೆ ಇದ್ದ ಕಾಲ ಅಷ್ಟರಲ್ಲಿ ಕಳೆದುಹೋಗಿರುತ್ತದೆ. ಮಾತ್ರೆ ಸಾಲದಾದಾಗ, ಅಥವಾ ಒಗ್ಗದಾದಾಗ, ಶಸ್ತ್ರಚಿಕಿತ್ಸೆಯ ವಿಚಾರವನ್ನು ರೋಗಿಯ ಮುಂದಿಡಬೇಕೆಂದು ಯೂರೋಪಿನ ನರರೋಗತಜ್ಞರ ಅಕಾಡೆಮಿ 2019ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಇದು ವಿಳಂಬ ಮಾಡುವವರೆಲ್ಲರೂ ಗಮನಿಸತಕ್ಕ ಮಾತು.

ಈ ಭಯಕ್ಕೆ ಚಾರಿತ್ರಿಕ ಕಾರಣವಿಲ್ಲದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ತಲೆಬುರುಡೆಯನ್ನು ತೆರೆದು ನರದ ಮೂಲಗಂಟನ್ನೇ ಕತ್ತರಿಸುವ ಕ್ರಮ ಆರಂಭವಾದಾಗ ಸತ್ತವರು ಹಲವರು. ಬದುಕಿದವರ ಮುಖದ ಒಂದು ಪಕ್ಕ ಮರಗಟ್ಟಿತು. ಅಮೆರಿಕದ ಹಾರ್ವಿ ಕುಶಿಂಗ್ ಅದನ್ನು ಬಹುಮಟ್ಟಿಗೆ ಸುರಕ್ಷಿತಗೊಳಿಸಿದರು. ಅನಂತರ ವಾಲ್ಟರ್ ಡ್ಯಾಂಡಿ ಕಿವಿಯ ಹಿಂಬದಿಯಿಂದ ನರವನ್ನು ಸಮೀಪಿಸಿದಾಗ, ಅನೇಕ ರೋಗಿಗಳಲ್ಲಿ ಒಂದು ರಕ್ತನಾಳ ಆ ನರಕ್ಕೆ ಒತ್ತಿಕೊಂಡಿರುವುದನ್ನು ಕಂಡು 1934ರಲ್ಲಿ ಬರೆದರು. ಬರೆದುದನ್ನು ನಂಬಿದವರು ಕಡಿಮೆ. 1960ರ ದಶಕದಲ್ಲಿ ಪೀಟರ್ ಜನೆಟಾ ಎಂಬ ತರುಣ ಶಸ್ತ್ರವೈದ್ಯರು ದಂತವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಮೃತದೇಹವನ್ನು ಸೂಕ್ಷ್ಮದರ್ಶಕದಡಿ ಬಿಡಿಸುತ್ತಿದ್ದಾಗ ಅದೇ ದೃಶ್ಯ ಸ್ಪಷ್ಟವಾಗಿ ಕಂಡಿತು. ಹಲ್ಲಿನ ವೈದ್ಯರ ಕೈಯಲ್ಲಿ ಇಷ್ಟು ಬವಣೆಪಟ್ಟ ಕಾಯಿಲೆಗೆ ಬೆಳಕು ಹಲ್ಲಿನ ವೈದ್ಯರ ತರಗತಿಯಿಂದಲೇ ಬಂದಿತು! ಮಿದುಳ ಕಾಂಡದಿಂದ ನರ ಹೊರಡುವ ಸ್ಥಳದಲ್ಲಿ, ಸಾಮಾನ್ಯವಾಗಿ ಕಿರುಮಿದುಳಿಗೆ ರಕ್ತ ಒಯ್ಯುವ ಮೇಲಿನ ಧಮನಿ, ವಯಸ್ಸಾದಂತೆ ಉದ್ದವಾಗಿ ಬಾಗಿ ನರದ ಮೇಲೆ ಕೂರುತ್ತದೆ. ಪ್ರತಿ ನಾಡಿಬಡಿತಕ್ಕೂ ಒಂದು ಪೆಟ್ಟು. ವರ್ಷಾಂತರದಲ್ಲಿ ನರದ ಹೊದಿಕೆ ಸವೆದು, ಸವೆದ ವಿದ್ಯುತ್ ತಂತಿಗಳಂತೆ ಸ್ಪರ್ಶದ ಎಳೆಯಿಂದ ನೋವಿನ ಎಳೆಗೆ ಕಿಡಿ ಹಾರುತ್ತದೆ. 'ಕರೆಂಟ್ ಹೊಡ್ದಂಗ್' ಎಂಬ ಮಾತು ಕೇವಲ ಉಪಮೆಯಲ್ಲ.

ಜನೆಟಾ ರೂಢಿಗೆ ತಂದ ಶಸ್ತ್ರಕ್ರಿಯೆಯಲ್ಲಿ ಕಿವಿಯ ಹಿಂದೆ ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಕಿಂಡಿ ತೆರೆದು, ಸೂಕ್ಷ್ಮದರ್ಶಕದ ನೆರವಿನಿಂದ ಧಮನಿಯನ್ನು ನರದಿಂದ ಬಿಡಿಸಿ, ನಡುವೆ ಟೆಫ್ಲಾನ್ ನಾರಿನ ಚಿಕ್ಕ ಮೆತ್ತೆಯನ್ನು ಇಡುತ್ತಾರೆ. ನರವನ್ನು ಕತ್ತರಿಸುವುದಿಲ್ಲ, ಸುಡುವುದಿಲ್ಲ. ಆದುದರಿಂದ ಮುಖದ ಸ್ಪರ್ಶಜ್ಞಾನ ಸಾಮಾನ್ಯವಾಗಿ ಉಳಿಯುತ್ತದೆ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಅವರು ಮತ್ತು ಸಹೋದ್ಯೋಗಿಗಳು ಹೀಗೆ ಚಿಕಿತ್ಸೆ ಮಾಡಿದ 1,185 ರೋಗಿಗಳ ಲೆಕ್ಕವನ್ನು 1996ರಲ್ಲಿ ಪ್ರಕಟಿಸಿದರು. ಹತ್ತು ವರ್ಷಗಳ ಅನಂತರವೂ ನೂರರಲ್ಲಿ ಎಪ್ಪತ್ತು ಮಂದಿಗೆ ಮಾತ್ರೆಯಿಲ್ಲದೆ ನೋವಿಲ್ಲ. ಖರ್ಚಿನ ಬದಿಯನ್ನೂ ಓದಬೇಕು: ಇಬ್ಬರು ಮೃತರಾದರು, ಒಬ್ಬರಿಗೆ ಮಿದುಳ ಕಾಂಡಕ್ಕೆ ಪೆಟ್ಟು ಬಿದ್ದಿತು, ಹದಿನಾರು ಮಂದಿ ಆ ಪಕ್ಕದ ಕಿವಿಯ ಶ್ರವಣವನ್ನು ಕಳೆದುಕೊಂಡರು. ಅದು ನುರಿತ ಕೈಗಳ ಲೆಕ್ಕ. ವರ್ಷಕ್ಕೊಮ್ಮೆ ಮಾಡುವವರಿಂದ ಅದೇ ಫಲವನ್ನು ನಿರೀಕ್ಷಿಸಲಾಗದು. 'ನೀವು ಇದನ್ನು ಎಷ್ಟು ಮಾಡಿದ್ದೀರಿ?' ಎಂದು ವೈದ್ಯರನ್ನು ಕೇಳುವುದು ಉದ್ಧಟತನವಲ್ಲ. ಬ್ಯಾಂಕು ಕೂಡ ಸಾಲಗಾರನ ಹಿಂದಿನ ಖಾತೆ ನೋಡದೆ ಹಣ ಕೊಡುವುದಿಲ್ಲ. ಇನ್ನೊಂದು ಸಂಗತಿ: ಇದಕ್ಕೆ ಬೇಕಾದುದು ಒಳ್ಳೆಯ ಸೂಕ್ಷ್ಮದರ್ಶಕ ಮತ್ತು ನುರಿತ ಕೈ. ಆದಕಾರಣ ಐಷಾರಾಮದ ಖಾಸಗಿ ಆಸ್ಪತ್ರೆಯೇ ಆಗಬೇಕೆಂದಿಲ್ಲ, ಪರೇಲಿನ ಕೆ.ಇ.ಎಂ. ನಂತಹ ಸಾರ್ವಜನಿಕ ಆಸ್ಪತ್ರೆಯಲ್ಲಿಯೂ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ನರಶಸ್ತ್ರಚಿಕಿತ್ಸೆಯ ಹೆಸರಾಂತ ವಿಭಾಗಗಳಿವೆ.

ಎರಡನೆಯ ಮಾರ್ಗ ಸೂಜಿಯದು. ಬಾಯಿಯ ಅಂಚಿನಿಂದ ಒಂದಂಗುಲದಷ್ಟು ಆಚೆ ಕೆನ್ನೆಗೆ ಚುಚ್ಚಿದ ಉದ್ದನೆಯ ಸೂಜಿಯನ್ನು ತಲೆಬುರುಡೆಯ ತಳದಲ್ಲಿರುವ ಅಂಡಾಕಾರದ ರಂಧ್ರದ ಮೂಲಕ ನರದ ಗಂಟಿಗೆ ಮುಟ್ಟಿಸುತ್ತಾರೆ. ಅಲ್ಲಿ ಏನು ಮಾಡುತ್ತಾರೆಂಬುದರ ಮೇಲೆ ಹೆಸರು ಬೇರೆ. ಬಾಸ್ಟನ್ನಿನ ಸ್ವೀಟ್ ಮತ್ತು ವೆಪ್ಸಿಕ್ 1974ರಲ್ಲಿ ವರ್ಣಿಸಿದಂತೆ ರೇಡಿಯೋತರಂಗದ ಶಾಖದಿಂದ ನೋವಿನ ಎಳೆಗಳನ್ನು ಸುಡಬಹುದು. ಸ್ಟಾಕ್‌ಹೋಮಿನ ಹೊಕನ್ಸನ್ 1981ರಲ್ಲಿ ತಿಳಿಸಿದಂತೆ ಗ್ಲಿಸರಾಲ್ ಸೇರಿಸಬಹುದು. ಬೇರೊಂದು ಉದ್ದೇಶಕ್ಕೆ ಬಳಸಿದ ಗ್ಲಿಸರಾಲ್‌ನಿಂದಲೇ ನೋವು ನಿಂತುದು ಅವರಿಗೆ ಆಕಸ್ಮಿಕವಾಗಿ ಗೋಚರಿಸಿತಂತೆ. ಷಿಕಾಗೋದ ಮುಲ್ಲನ್ ಮತ್ತು ಲಿಕ್ಟರ್ 1983ರಲ್ಲಿ ಹೇಳಿದಂತೆ ಪುಟ್ಟ ಬಲೂನನ್ನು ಉಬ್ಬಿಸಿ ಒಂದು ನಿಮಿಷದಷ್ಟು ಕಾಲ ನರವನ್ನು ಅದುಮಬಹುದು. ಕನ್ನಡನಾಡಿನವರಿಗೆ ಈ ರಂಧ್ರ ತೀರ ಅಪರಿಚಿತವೇನಲ್ಲ. ಬೆಂಗಳೂರಿನಲ್ಲಿ ದುಡಿದ ಡಾ. ಆರ್. ಎಂ. ವರ್ಮ ಅವರು ಪಾರ್ಕಿನ್ಸನ್ ರೋಗಿಗಳ ಮಿದುಳಿನ ಆಳವನ್ನು ಇದೇ ರಂಧ್ರದ ಮೂಲಕ ಸೂಜಿಯಿಂದ ತಲುಪುವ ತಮ್ಮದೇ ವಿಧಾನಕ್ಕೆ ಹೆಸರಾಗಿದ್ದರು.

ಸೂಜಿಯ ಗುಣ ಸ್ಪಷ್ಟ: ತಲೆ ತೆರೆಯಬೇಕಿಲ್ಲ, ಒಂದೆರಡು ದಿನಗಳಲ್ಲಿ ಮನೆ ಸೇರಬಹುದು, ವೃದ್ಧರೂ ಹೃದ್ರೋಗಿಗಳೂ ತಾಳಿಕೊಳ್ಳಬಲ್ಲರು, ನೋವು ಹೆಚ್ಚಿನವರಿಗೆ ಕೂಡಲೇ ನಿಲ್ಲುತ್ತದೆ. ದೋಷವೂ ಅಷ್ಟೇ ಸ್ಪಷ್ಟ. ನರಕ್ಕೆ ಹಾನಿ ಮಾಡಿಯೇ ನೋವನ್ನು ತಡೆಯುವುದರಿಂದ ಮುಖ ಜೋಮು ಹಿಡಿಯುತ್ತದೆ. ಕೆಲವು ವರ್ಷಗಳಲ್ಲಿ ಅನೇಕರಿಗೆ ನೋವು ಮರುಕಳಿಸುತ್ತದೆ. ಇದು ಅಲ್ಪಾವಧಿಯ ಠೇವಣಿಯಂತೆ: ಅವಧಿ ಮುಗಿದಾಗಲೆಲ್ಲ ನವೀಕರಿಸಬೇಕು, ಪ್ರತಿ ನವೀಕರಣಕ್ಕೂ ಮುಖದ ಸಂವೇದನೆಯಲ್ಲಿ ಸ್ವಲ್ಪ ಕಡಿತವಾಗುತ್ತದೆ. ಜೋಮು ಕಣ್ಣಿನ ಪಾಪೆಯವರೆಗೆ ಹಬ್ಬಿದರೆ ಧೂಳು ಬಿದ್ದುದೂ ತಿಳಿಯದೆ ಹುಣ್ಣಾಗಬಹುದು. ತೀರ ವಿರಳವಾಗಿ, ಮರಗಟ್ಟಿದ ಭಾಗವೇ ಹಗಲಿರುಳು ಉರಿಯತೊಡಗುವುದುಂಟು. ಆ ಉರಿಗೆ ಸುಲಭದ ಮದ್ದಿಲ್ಲ.

ಮೂರನೆಯದು ಗಾಮಾ ನೈಫ್. ಹೆಸರಿನಲ್ಲಿ ಚೂರಿಯಿದ್ದರೂ ಗಾಯವಿಲ್ಲ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1951ರಲ್ಲಿ ಕಂಡ ಕನಸಿನಿಂದ ಬೆಳೆದ ಈ ಯಂತ್ರ ಅನೇಕ ದಿಕ್ಕುಗಳಿಂದ ವಿಕಿರಣವನ್ನು ನರದ ಬುಡದಲ್ಲಿ ಒಂದೇ ಬಿಂದುವಿಗೆ ಕೇಂದ್ರೀಕರಿಸುತ್ತದೆ. ಮುಂಬಯಿ, ದೆಹಲಿ, ಬೆಂಗಳೂರುಗಳಲ್ಲಿ ಈ ಸೌಕರ್ಯವಿದೆ. ಒಂದೇ ಬೈಠಕ್ಕಿನಲ್ಲಿ ಮುಗಿಯುತ್ತದೆ. ಆದರೆ ಗುಣ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಗಂಜಿಯನ್ನೂ ನುಂಗಲಾರದೆ ಕುಳಿತವರಿಗೆ ಆ ತಿಂಗಳುಗಳು ದೀರ್ಘ. ಇಲ್ಲಿಯೂ ನರಕ್ಕೆ ಹಾನಿಯೇ ಉಪಾಯ. ಜೋಮು ತಡವಾಗಿ ಬರಬಹುದು. ಇದರ ಆಕರ್ಷಣೆಗೆ ಯಂತ್ರದ ಹೊಸತನವೇ ಅರ್ಧ ಕಾರಣವೆಂದರೆ ತಪ್ಪಾಗಲಾರದು.

ಹಾಗಾದರೆ ಯಾವುದು ಲೇಸು? ಚಿತ್ರದಲ್ಲಿ ರಕ್ತನಾಳ ನರವನ್ನು ಒತ್ತುತ್ತಿರುವುದು ಸ್ಪಷ್ಟವಾಗಿದ್ದು, ದೇಹ ಅರಿವಳಿಕೆಯನ್ನು ತಾಳುವಂತಿದ್ದರೆ, ಧಮನಿಯನ್ನು ಬಿಡಿಸುವ ಶಸ್ತ್ರಕ್ರಿಯೆಯೇ ಮೊದಲ ಆಯ್ಕೆ; ಯೂರೋಪಿನ ಮಾರ್ಗಸೂಚಿಯ ಅಭಿಪ್ರಾಯವೂ ಇದೇ. ದೇಹ ತಾಳದಿದ್ದರೆ, ಒತ್ತಡ ಕಾಣದಿದ್ದರೆ ಸೂಜಿ ಅಥವಾ ವಿಕಿರಣ. ನೋವು ಮಿಂಚಿನಂತಿರದೆ ದಿನವಿಡೀ ಉರಿಯುವ, ಮುಖದ ತುಂಬ ಹರಡಿದ ಬಗೆಯದಾಗಿದ್ದರೆ ಶಸ್ತ್ರಚಿಕಿತ್ಸೆಗೆ ಅವಸರಪಡಲೇಬಾರದು. ಅಂತಹವರಿಗೆ ಲಾಭ ಕಡಿಮೆ, ಸುಡುವ ಚಿಕಿತ್ಸೆಯಿಂದ ಕೇಡೂ ಆಗಬಹುದು. ಇಲ್ಲಿಗೆ ಮತ್ತೆ ಬರುವುದು ರೋಗಿ ತನ್ನ ನೋವನ್ನು ಹೇಗೆ ಬಣ್ಣಿಸುತ್ತಾರೆಂಬ ಪ್ರಶ್ನೆಗೇ. ಚಳುಕು, ಸಿಡಿತ, ಉರಿ, ಸೆಳೆತ, ಜೋಮು, ಮರಗಟ್ಟುವಿಕೆ ಇವುಗಳಲ್ಲಿ ಪ್ರತಿಯೊಂದೂ ಬೇರೆ. ಹಿಂದಿಯಲ್ಲಿ ತಡವರಿಸುವ ಹಿರಿಯರ ಬಾಯಲ್ಲಿ ಎಲ್ಲವೂ ಒಂದೇ 'ದರ್ದ್' ಆಗಿಬಿಡುತ್ತದೆ. ರೇಡಿಯೋತರಂಗದ ಚಿಕಿತ್ಸೆಯಲ್ಲಂತೂ ಸುಡುವ ಮುನ್ನ ರೋಗಿಯನ್ನು ಎಚ್ಚರಿಸಿ, 'ಎಲ್ಲಿ ಜುಮ್ಮೆನ್ನುತ್ತಿದೆ, ತುಟಿಯಲ್ಲೋ ಕೆನ್ನೆಯಲ್ಲೋ ಕಣ್ಣಿನ ಬಳಿಯೋ?' ಎಂದು ಕೇಳಿ, ಆ ಉತ್ತರದಂತೆ ಸೂಜಿಯ ತುದಿಯನ್ನು ಸರಿಸುತ್ತಾರೆ. ಆ ಗಳಿಗೆಯಲ್ಲಿ ಪ್ರಶ್ನೆಯೇ ಅರ್ಥವಾಗದಿದ್ದರೆ ಗತಿಯೇನು?

ಡೊಂಬಿವಲಿಯ ಮನೆಯಲ್ಲಿ ಚರ್ಚೆ ಒಂದು ತಿಂಗಳು ನಡೆಯಿತು. ಇಂಜಿನಿಯರ್ ಮಗನಿಗೆ ಗಾಮಾ ನೈಫೇ ಬೇಕು. ಪತಿಗೆ 'ತಲೆಗೆ ಕೈ ಹಾಕುವುದು' ಎಂಬ ಮಾತೇ ಅಸಹ್ಯ, ಮಾತ್ರೆ ಮುಂದುವರಿಯಲಿ. ಊರಿನ ಅಣ್ಣನಿಂದ ಹರಕೆಯ ಸಲಹೆ. ಎಲ್ಲರೂ ಆಕೆಯ ಹಿತಚಿಂತಕರೇ. ಆದರೆ ಚರ್ಚೆ ಅರ್ಧ ಇಂಗ್ಲಿಷಿನಲ್ಲಿ, ಹಾಲ್‌ನಲ್ಲಿ; ಮುಖದಲ್ಲಿ ನೋವಿದ್ದವರು ಅಡಿಗೆಮನೆಯಲ್ಲಿ. ಶಸ್ತ್ರವೈದ್ಯರು ಮಗನಿಗೆ ವಿವರಿಸಿದುದನ್ನೆಲ್ಲ ಸೊಸೆಮಗಳು ಅತ್ತೆಗೆ ಕನ್ನಡದಲ್ಲಿ ತಿಳಿಯಹೇಳಿದಾಗ, ಆಕೆ ಕೇಳಿದುದು ಒಂದೇ ಪ್ರಶ್ನೆ: "ನೋವು ಹೋಗಿ, ಮುಖವೇ ನನ್ನದಲ್ಲದ ಹಾಗೆ ಆಗುವುದು ಯಾವುದರಲ್ಲಿ?" ಆ ಪ್ರಶ್ನೆಯನ್ನು ಅಷ್ಟರವರೆಗೆ ಯಾರೂ ಕೇಳಿರಲಿಲ್ಲ. ಉತ್ತರ ತಿಳಿದ ಮೇಲೆ, ಕಿವಿ ಕೆಡುವ ಮತ್ತು ಪ್ರಾಣಕ್ಕೇ ಅಪಾಯವಾಗುವ ಸಂಭವವನ್ನೂ ಕೇಳಿ ತಿಳಿದು, ಕಿವಿಯ ಹಿಂದಿನ ಶಸ್ತ್ರಕ್ರಿಯೆಯನ್ನು ಆಕೆಯೇ ಆರಿಸಿಕೊಂಡರು. ಎಪ್ಪತ್ತೆಂಟರ ಇನ್ನೊಬ್ಬರು ಸೂಜಿಯನ್ನು ಆರಿಸಿಕೊಂಡರೆ ಅದೂ ಸರಿಯಾದ ಆಯ್ಕೆಯೇ. ಜೋಮಿನೊಡನೆ ಬಾಳಬಲ್ಲೆನೆಂದು ಹೇಳುವ ಅಧಿಕಾರ ಆ ಮುಖದ ಒಡೆಯರಿಗೆ ಮಾತ್ರ ಉಂಟು.

ಹೊರನಾಡಿನ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ನಡೆಸಿ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸುತ್ತವೆ; ಅದು ಶ್ಲಾಘ್ಯವೇ. ಆದರೆ ಅಪರೂಪದ ಕಾಯಿಲೆಯೊಡನೆ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಹಿರಿಯರಿಗೆ ಬೇಕಾದುದು ಅವರ ಕನ್ನಡವನ್ನು ವೈದ್ಯರಿಗೆ, ವೈದ್ಯರ ಮಾತನ್ನು ಅವರಿಗೆ ನಿಷ್ಠೆಯಿಂದ ಮುಟ್ಟಿಸುವ ಒಬ್ಬ ಜೊತೆಗಾರ. ಮುಂಬಯಿಯ ಆಸ್ಪತ್ರೆಗಳಲ್ಲಿ ಮಂಗಳೂರು, ಉಡುಪಿ ಕಡೆಯ ದಾದಿಯರು ವಿರಳವೇನಲ್ಲ. ನಿವೃತ್ತ ಶಿಕ್ಷಕರು, ಬ್ಯಾಂಕು ನೌಕರರು ಸಂಘಗಳಲ್ಲಿ ತುಂಬಿದ್ದಾರೆ. ಇಪ್ಪತ್ತು ಹೆಸರುಗಳ ಒಂದು ಪಟ್ಟಿ, ವಾರಕ್ಕೆ ಅರ್ಧ ದಿನದ ಬಿಡುವು, ಇಷ್ಟೇ ಬಂಡವಾಳ. ರಾಜ್ಯೋತ್ಸವದ ಪೆಂಡಾಲಿನ ಖರ್ಚಿನ ಮುಂದೆ ಇದು ಲೆಕ್ಕಕ್ಕೇ ಬಾರದು.

ಶಸ್ತ್ರಕ್ರಿಯೆಯ ಐದನೆಯ ದಿನ ಆಕೆ ಮನೆಗೆ ಬಂದರು. ಮೂರು ವಾರ ತಲೆನೋವು, ಓಲಾಟ ಇದ್ದವು. ಮಾತ್ರೆಯನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಮರುಕಳಿಸುವುದಿದ್ದರೆ ಹೆಚ್ಚಿನವರಲ್ಲಿ ಮೊದಲ ಎರಡು ವರ್ಷಗಳಲ್ಲೇ ಎಂಬುದು ಜನೆಟಾ ಅವರ ಲೆಕ್ಕದಿಂದ ತಿಳಿದುಬಂದ ಸಂಗತಿ. ಆ ಎರಡು ವರ್ಷಗಳು ಕಳೆದಿವೆ. ತೆಗೆದಿಟ್ಟಿದ್ದ ಮೂಗುಬೊಟ್ಟನ್ನು ಮತ್ತೆ ಇಡಹೋದಾಗ ತೂತು ಮುಚ್ಚಿಹೋಗಿತ್ತು. ಊರ ಜಾತ್ರೆಗೆ ಹೋದಾಗ ಅಕ್ಕಸಾಲಿಗರಿಂದ ಅದೇ ಜಾಗದಲ್ಲಿ ಹೊಸದಾಗಿ ಚುಚ್ಚಿಸಿಕೊಂಡರು. ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ ಪತಿ ನೋವಾಯಿತೇ ಎಂದು ಕೇಳಿದರು. "ಹೌದ್," ಎಂದರು ಆಕೆ, "ಚುಚ್ಚಿದಷ್ಟೇ ನೋವು."